ಎಂಟು ತಿಂಗಳ ತೆಂಗಿನಪುಡಿ

ಹೊಳೆನರಸೀಪುರದ ಕಾಲೇಜಿನಲ್ಲಿ ನಾನು ವಾಣಿಜ್ಯಶಾಸ್ತ್ರದ ಪಾಠ ಮಾಡಲು ಸೇರಿ ಆರು ವರ್ಷವಾಗಿತ್ತು. ಅಷ್ಟೂ ವರ್ಷ ಕಂಪನಿಗಳ ಲೆಕ್ಕಪತ್ರ ಕಲಿಸಿದ್ದೆನೇ ಹೊರತು ನಿಜವಾದ ಒಂದು ಕಂಪನಿಯ ಲೆಕ್ಕಪತ್ರವನ್ನು ಕೈಯಲ್ಲಿ ಹಿಡಿದಿರಲಿಲ್ಲ. ಪಠ್ಯಪುಸ್ತಕದ ಕಂಪನಿಗಳಿಗೆ ಎಕ್ಸ್, ವೈ ಎಂದು ಹೆಸರು. ಅವಕ್ಕೆ ಫ್ಯಾಕ್ಟರಿಯಿಲ್ಲ, ಗೇಟಿಲ್ಲ, ಬೆವರುವ ಆಳುಗಳಿಲ್ಲ. ಆಸ್ತಿ ಒಂದು ಕಡೆ, ಹೊಣೆ ಇನ್ನೊಂದು ಕಡೆ. ಎರಡೂ ಕಡೆ ಕೂಡಿದಾಗ ಒಂದೇ ಮೊತ್ತ ಬಂದರೆ ಮಕ್ಕಳಿಗೂ ಸಮಾಧಾನ, ನನಗೂ ಸಮಾಧಾನ.

ಆದ್ದರಿಂದ ತೊಂಬತ್ತರ ದಶಕದ ನಡುವೆ ಒಂದು ಮಧ್ಯಾಹ್ನ ಅಂಚೆಯವರು ದಪ್ಪ ಲಕೋಟೆ ತಂದುಕೊಟ್ಟಾಗ ನನಗಾದ ಸಂಭ್ರಮ ಅಷ್ಟಿಷ್ಟಲ್ಲ. ಒಳಗಿದ್ದದ್ದು ಒಂದು ಕಂಪನಿಯ ವಾರ್ಷಿಕ ವರದಿ. ನುಣುಪಾದ ರಟ್ಟು, ಮೇಲೆ ತೆಂಗಿನ ಗೊನೆಯ ಬಣ್ಣದ ಚಿತ್ರ. ನಾನು ಆ ಕಂಪನಿಯ ಷೇರುದಾರಳು! ನಿಂತಲ್ಲೇ ನಿಂತು ಹಾಳೆ ಮಗುಚುತ್ತಿದ್ದೆ. ಒಲೆಯ ಮೇಲಿದ್ದ ಹಾಲು ಉಕ್ಕಿಹೋಯಿತು.

ಚನ್ನರಾಯಪಟ್ಟಣದ ಹತ್ತಿರ ಆಗಷ್ಟೇ ಶುರುವಾಗಿದ್ದ ತೆಂಗಿನಪುಡಿ ಕಂಪನಿ ಅದು. ತೆಂಗಿನಕಾಯಿ ಒಡೆದು, ಸಣ್ಣಗೆ ತುರಿದು, ಯಂತ್ರದಲ್ಲಿ ಒಣಗಿಸಿ, ಬಿಸ್ಕತ್ತು ಮಿಠಾಯಿ ಮಾಡುವವರಿಗೆ ಚೀಲಗಟ್ಟಲೆ, ಅಂಗಡಿಗಳಿಗೆ ಸಣ್ಣ ಪೊಟ್ಟಣಗಳಲ್ಲಿ ಮಾರುವ ವ್ಯವಹಾರ. ಊರವರ ಬಾಯಲ್ಲಿ ಅದು 'ಪೌಡ್ರು ಫ್ಯಾಕ್ಟ್ರಿ'. ಆ ಕಾಲದಲ್ಲಿ ಷೇರು ಎಂದರೆ ಎಲ್ಲರಿಗೂ ಹುಚ್ಚು. ಹಾಸನದಲ್ಲಿ ಅರ್ಜಿ ಫಾರಮ್ಮುಗಳು ಜೆರಾಕ್ಸ್ ಅಂಗಡಿಯಲ್ಲೂ ಸಿಗುತ್ತಿದ್ದವು. ನನಗಂತೂ ಅದು ಹೆಮ್ಮೆಯ ವಿಷಯ. ನಮ್ಮ ಕಾಯಿ, ನಮ್ಮ ಜಿಲ್ಲೆ, ನಮ್ಮ ಕಂಪನಿ. ನನ್ನ ಹೆಸರಿನಲ್ಲಿ ಇನ್ನೂರು ಷೇರು, ಅತ್ತೆಯ ಹೆಸರಿನಲ್ಲಿ ನೂರು ಕೊಂಡೆ. ಅಷ್ಟಕ್ಕೇ ನಿಲ್ಲಲಿಲ್ಲ. ಸ್ಟಾಫ್ ರೂಮಿನಲ್ಲಿ ಕೂತು ಆರು ಜನ ಸಹೋದ್ಯೋಗಿಗಳಿಗೆ ಅರ್ಜಿ ತುಂಬಿಸಿದೆ. ಅವರಲ್ಲಿ ಎಲ್ಲರಿಗಿಂತ ಹೆಚ್ಚು ಹಣ ಹಾಕಿದವರು ನಮ್ಮ ಇತಿಹಾಸದ ಮೇಷ್ಟ್ರು. ತಲೆತಲಾಂತರದಿಂದ ಹೊಳೆನರಸೀಪುರದಲ್ಲೇ ನೆಲೆಸಿದ್ದ ಮನೆತನದವರು, ಮೃದು ಮಾತಿನವರು, ಲೆಕ್ಕ ಎಂದರೆ ದೂರ. "ನೀವು ಹೇಳಿದ ಮೇಲೆ ಮುಗೀತು ಮೇಡಂ," ಎಂದು ನಾನು ತೋರಿಸಿದ ಕಡೆ ಸಹಿ ಹಾಕಿದ್ದರು.

ಮೊದಲ ವರ್ಷದ ವರದಿಯನ್ನು ತರಗತಿಗೆ ಒಯ್ದು ಸಾಲು ಸಾಲಾಗಿ ಓದಿಸಿದೆ. ಲಾಭ, ಡಿವಿಡೆಂಡು, ಎಲ್ಲವೂ ಚೆನ್ನಾಗಿತ್ತು. ಎರಡನೆಯ ವರ್ಷದ ವರದಿ ಇನ್ನೂ ಚೆನ್ನಾಗಿತ್ತು. ಮಾರಾಟ ಹತ್ತಿರ ಹತ್ತಿರ ಎರಡರಷ್ಟು, ಲಾಭ ಎರಡರಷ್ಟಕ್ಕೂ ಮೇಲೆ. ಜೊತೆಗೊಂದು ಪತ್ರ: ಕಂಪನಿ ಎರಡನೇ ಘಟಕ ಕಟ್ಟುತ್ತಿದೆ, ಈಗಿರುವ ಷೇರುದಾರರಿಗೆ ಹೊಸ ಷೇರು ಕೊಡುತ್ತದೆ, ಹತ್ತು ರೂಪಾಯಿ ಮುಖಬೆಲೆಯ ಷೇರಿಗೆ ಇಪ್ಪತ್ತೈದು ರೂಪಾಯಿ. ಅದಕ್ಕೆ ಮುಂಚೆ ಹಾಸನದಲ್ಲಿ ಷೇರುದಾರರ ವಾರ್ಷಿಕ ಸಭೆ.

ಇತಿಹಾಸದ ಮೇಷ್ಟ್ರು ಹಾಸನದಲ್ಲೊಂದು ಸೈಟು ಕೊಳ್ಳಲೆಂದು ಹನ್ನೆರಡು ವರ್ಷದಿಂದ ಹಣ ಕೂಡಿಟ್ಟಿದ್ದರು. ಅದನ್ನೆಲ್ಲ ತೆಗೆದು ಹೊಸ ಷೇರಿಗೆ ಹಾಕಲೇ ಎಂದು ಕೇಳಿದರು.

"ಕಣ್ಣು ಮುಚ್ಕೊಂಡು ಹಾಕಿ ಸಾರ್," ಎಂದೆ ನಾನು.

ಅದಾದ ಮೇಲಿನ ಭಾನುವಾರ ಬೆಳಿಗ್ಗೆ, ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ ಕಾಯಿ ತುರಿಯುತ್ತಿದ್ದರು. ಅವರು ಚನ್ನರಾಯಪಟ್ಟಣ ಕಡೆಯವರು, ತೆಂಗಿನ ತೋಟದಲ್ಲೇ ಹುಟ್ಟಿ ಬೆಳೆದವರು. ಓದು ಬರಹ ಸಹಿ ಹಾಕುವಷ್ಟು ಮಾತ್ರ. ಆದರೆ ತಾವೂ ಕಂಪನಿಯಲ್ಲಿ ಪಾಲುದಾರರು ಎಂಬುದು ಅವರಿಗೆ ಬಹಳ ಖುಷಿ ಕೊಟ್ಟಿತ್ತು. "ನಮ್ ಕಂಪ್ನಿ ಎಂಗೈತಂತೆ, ಓದವ್ವ," ಎಂದರು. ನಾನು ಪಕ್ಕದಲ್ಲಿ ಮಣೆ ಹಾಕಿಕೊಂಡು ಒಂದೊಂದೇ ಬಾಬ್ತು ಓದುತ್ತಾ, ಕನ್ನಡದಲ್ಲಿ ಹೇಳುತ್ತಾ ಹೋದೆ. ಇಷ್ಟು ಮಾರಾಟ, ಇಷ್ಟು ಕೂಲಿ, ವರ್ಷದ ಕೊನೆಗೆ ಗೋದಾಮಿನಲ್ಲಿ ಉಳಿದ ಸರಕು ಇಷ್ಟು.

"ಉಳ್ದಿರೋದು ಏನು? ಕಾಯಾ, ಪೌಡ್ರಾ?"

"ಪೌಡ್ರೇ ಅತ್ತೆ. ಕಾಯಿ ಸ್ವಲ್ಪ."

"ಎಷ್ಟ್ ದಿವ್ಸದ್ದು?"

ಎಷ್ಟು ರೂಪಾಯಿಯದು ಎಂದು ಪುಸ್ತಕ ಹೇಳುತ್ತದೆ. ಎಷ್ಟು ದಿವಸದ್ದು ಎಂದು ಯಾರೂ ನನ್ನನ್ನು ಕೇಳಿರಲಿಲ್ಲ. ಪೆನ್ಸಿಲ್ ತಂದು ಭಾಗಾಕಾರ ಮಾಡಿದೆ. ತಪ್ಪಿರಬೇಕು ಎನಿಸಿ ಇನ್ನೊಮ್ಮೆ ಮಾಡಿದೆ.

"ಎಂಟು ತಿಂಗಳಲ್ಲಿ ಮಾರುವಷ್ಟು ಪುಡಿ ಗೋಡೌನಿನಲ್ಲಿದೆ ಅತ್ತೆ."

ಅತ್ತೆಯ ಕೈ ತುರಿಮಣೆಯ ಮೇಲೇ ನಿಂತಿತು. "ಎಂಟ್ ತಿಂಗ್ಳಾ? ಕಮಟು ಬಂದ್ಬುಟ್ಟಿರ್ತದೆ ಕಣವ್ವ! ಉಂಡೆ ಕೊಬ್ರಿಯಾದ್ರೆ ಅಟ್ಟದ ಮ್ಯಾಲೆ ವರ್ಸ ಮಡಗ್ಬೋದು. ತುರ್ದಿದ್ದುನ್ನ ಅಂಗೆ ಮಡುಗ್ತಾರಾ ಯಾರಾರಾ? ದನಾನೂ ಮೂಸಾಕಿಲ್ಲ."

"ಯಂತ್ರದಲ್ಲಿ ಒಣಗಿಸ್ತಾರೆ ಅತ್ತೆ, ತಡೆಯುತ್ತೇನೋ," ಎಂದೆನಾದರೂ ಮನಸ್ಸು ಅಲ್ಲಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಪೇಟೆ ಬೀದಿಯ ದಿನಸಿ ಅಂಗಡಿಗೆ ಓಡಿದೆ. ಅದೇ ಕಂಪನಿಯ ಸಣ್ಣ ಪೊಟ್ಟಣವೊಂದನ್ನು ಕೊಂಡು, ಅಂಗಡಿಯ ಮೆಟ್ಟಿಲ ಮೇಲೆಯೇ ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ ಅಚ್ಚಾಗಿತ್ತು: ತಯಾರಿಸಿದ ಆರು ತಿಂಗಳೊಳಗೆ ಬಳಸಿ.

ಕಂಪನಿಯ ಪೊಟ್ಟಣವೇ ಕಂಪನಿಯ ಲೆಕ್ಕಕ್ಕೆ ಎದುರು ಸಾಕ್ಷಿ ಹೇಳುತ್ತಿತ್ತು! ಉಳಿದ ಸರಕಿನ ಬೆಲೆಯನ್ನು ಎಷ್ಟು ಹೆಚ್ಚಿಸಿ ಬರೆದರೆ ಆ ವರ್ಷದ ಲಾಭ ಅಷ್ಟು ಹೆಚ್ಚಾಗಿ ಕಾಣುತ್ತದೆ. ಈ ಮಾತನ್ನು ನಾನೇ ಬೋರ್ಡಿನ ಮೇಲೆ ಎಷ್ಟೋ ಸಲ ಬರೆದಿದ್ದೆ, ಪರೀಕ್ಷೆಗೆ ಬರುತ್ತದೆ ಎಂದು ಅಡಿಗೆರೆ ಎಳೆಸಿದ್ದೆ. ಅದು ನಮ್ಮ ಅಡುಗೆಮನೆಗೆ ಬಂದು ಕೂತಾಗ ಮಾತ್ರ ಗುರುತು ಹಿಡಿಯಲು ಅತ್ತೆ ಬೇಕಾಯಿತು.

ಮನೆಗೆ ಬಂದವಳೇ ಎರಡೂ ವರ್ಷದ ವರದಿಗಳನ್ನು ಅಕ್ಕಪಕ್ಕ ಬಿಚ್ಚಿಟ್ಟೆ. ಊಟ ಮರೆತೆ. ಒಂದು ಎಳೆ ಸಿಕ್ಕಮೇಲೆ ಉಳಿದವು ತಾವಾಗಿಯೇ ಬಿಚ್ಚಿಕೊಂಡವು. ಪುಡಿ ಮಾರಿದ್ದು ಎರಡರಷ್ಟು, ಆದರೆ ಚೀಲಕ್ಕೆ ಮಾಡಿದ ಖರ್ಚು ಹೋದ ವರ್ಷದಷ್ಟೇ. ಆ ಹೆಚ್ಚಿನ ಪುಡಿಯನ್ನು ಏನು ಸೆರಗಿನಲ್ಲಿ ಕಟ್ಟಿಕೊಟ್ಟರೇ? ಕೂಲಿಯೂ ಹೆಚ್ಚಿರಲಿಲ್ಲ. ಮಾರಿದ ಸರಕಿನಲ್ಲಿ ಅರ್ಧದಷ್ಟಕ್ಕೆ ದುಡ್ಡೇ ಬಂದಿರಲಿಲ್ಲ. ಆರು ತಿಂಗಳು ಮೀರಿದ ಬಾಕಿಯೆಂದು ಬೇರೆ ತೋರಿಸುವ ಸಾಲಿನಲ್ಲಿ ಮೊದಲ ವರ್ಷ ಸೊನ್ನೆಯಿತ್ತು, ಈಗ ದೊಡ್ಡ ಮೊತ್ತ. ಲಾಭವಿದೆ, ನಗದಿಲ್ಲ. ಷೇರುದಾರರಿಗೆ ಹಂಚಿದ ಡಿವಿಡೆಂಡು ಬ್ಯಾಂಕಿನ ಸಾಲದಿಂದಲೇ ಬಂದಿರಬೇಕು. ವರದಿಯ ಕೊನೆಯಲ್ಲಿ ನೋಡಿದರೆ, ಹೋದ ವರ್ಷ ಸಹಿ ಹಾಕಿದ್ದ ಹಾಸನದ ಆಡಿಟರ ಜಾಗದಲ್ಲಿ ಬೇರೆ ಊರಿನ ಬೇರೆ ಹೆಸರು.

ನಮ್ಮ ಯಜಮಾನರು ಅರಕಲಗೂಡಿನ ಹೈಸ್ಕೂಲಿನಲ್ಲಿ ಮೇಷ್ಟ್ರು. ಎಲ್ಲವನ್ನೂ ಕೇಳಿ, "ಊರಿಗೆಲ್ಲ ಕೊಳ್ಳಿ ಅಂದೋಳು ನೀನೇ. ಈಗ ಬೇಡ ಅಂದ್ರೆ ಕಾರಣ ಗಟ್ಟಿ ಇರ್ಬೇಕು ಕಣೇ," ಎಂದರು. ಸರಿಯಾದ ಮಾತು. ಕಾಗದ ನೋಡಿದ್ದಾಯಿತು, ಇನ್ನು ಫ್ಯಾಕ್ಟರಿ ನೋಡಬೇಕು.

ಶನಿವಾರ ಅತ್ತೆಯನ್ನು ಕರೆದುಕೊಂಡು ಚನ್ನರಾಯಪಟ್ಟಣದ ಬಸ್ಸು ಹತ್ತಿದೆ. ಅತ್ತೆಯ ತಂಗಿ, ನಾವು ಚಿಕ್ಕತ್ತೆ ಎನ್ನುವವರು, ಫ್ಯಾಕ್ಟರಿಯ ಗೇಟಿನ ಎದುರಿಗೇ ಇಡ್ಲಿ ಟೀ ಅಂಗಡಿ ಇಟ್ಟಿದ್ದರು. ಅಂಗಡಿಯ ಬೆಂಚಿನ ಮೇಲೆ ಕೂತು, ಎದುರಿನ ಗೇಟು ನೋಡುತ್ತಾ ಟೀ ಕುಡಿದೆವು. ವ್ಯಾಪಾರ ಹೇಗಿದೆ ಎಂದು ಅತ್ತೆ ವಿಚಾರಿಸಿದರು.

"ಏನ್ ಯಾಪಾರವೋ ಕಣಕ್ಕ," ಎಂದರು ಚಿಕ್ಕತ್ತೆ. "ಓದೊರ್ಸ ದಿನಾ ನೂರೈವತ್ ಇಡ್ಲಿ ಬೇಯ್ಸ್ತಿದ್ದೆ, ಸಾಕಾಯ್ತಿರ್ಲಿಲ್ಲ. ಈಗ ಅರವತ್ ಮಾಡುದ್ರೂ ಮಿಕ್ತವೆ. ಕಾಯ್ ಒಡ್ಯೋ ಎಂಗಸ್ರಿಗೆ ವಾರಕ್ಕೆ ಮೂರೇ ದಿವ್ಸ ಕೆಲ್ಸ."

"ಲಾರಿ ಬರ್ತಾವಾ ಚಿಕ್ಕತ್ತೆ?" ಎಂದೆ.

"ವಾರಕ್ಕೊಂದು ಬಂದ್ರೆ ಎಚ್ಚು. ಯಾಕವ್ವ?"

ಮಾರಾಟ ಎರಡರಷ್ಟಾದ ಫ್ಯಾಕ್ಟರಿ! ಇಡ್ಲಿ ಅರ್ಧಕ್ಕೂ ಕೆಳಗೆ ಇಳಿದಿತ್ತು. ಎದ್ದು ಹೋಗಿ ಗೇಟಿನ ಮುಂದೆ ಒಮ್ಮೆ ಅಡ್ಡಾಡಿ ಬಂದೆ. ಒಳಗೆ ಯಂತ್ರದ ಸದ್ದಿರಲಿಲ್ಲ. ಕಾವಲಿನವನು ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದ.

ಸೋಮವಾರ ಅರ್ಧ ದಿನ ರಜೆ ಹಾಕಿ ಹಾಸನಕ್ಕೆ ಹೋದೆ. ಕೆಲಸ ಬಿಟ್ಟಿದ್ದ ಆ ಮೊದಲಿನ ಆಡಿಟರನ್ನು ಕಾಣಬೇಕಿತ್ತು. ಬಸ್ಸು ದಾರಿಯ ಮೊಸಳೆ ಎಂಬ ಊರು ದಾಟುವ ಹೊತ್ತಿಗೆ, ಕೇಳಬೇಕಾದ ಪ್ರಶ್ನೆಗಳನ್ನು ಟಿಕೆಟ್ಟಿನ ಹಿಂದೆಲ್ಲ ಬರೆದುಕೊಂಡಿದ್ದೆ. ಅವರು ವಯಸ್ಸಾದವರು, ಕಡತಗಳ ನಡುವೆ ಪುಟ್ಟ ಮೇಜು. ನಾನು ಕಾಲೇಜಿನವಳು, ಷೇರುದಾರಳು ಎಂದು ಹೇಳಿಕೊಂಡು ಒಂದೇ ಉಸಿರಿಗೆ ಎಲ್ಲವನ್ನೂ ಒಪ್ಪಿಸಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ನಾನು ಯಾಕೆ ಬಿಟ್ಟೆ ಅಂತ ಹೇಳೋ ಹಾಗಿಲ್ಲಮ್ಮ. ಅದು ನಮ್ಮ ವೃತ್ತಿ ಧರ್ಮ. ಕೇಳಬೇಡಿ."

ನನ್ನ ಮುಖ ಸಪ್ಪಗಾದದ್ದು ಅವರಿಗೆ ಕಂಡಿರಬೇಕು.

"ಆದರೆ ಅಚ್ಚಾಗಿರೋದನ್ನ ಓದೋಕೆ ಯಾರ ಅಪ್ಪಣೆಯೂ ಬೇಡ. ನೀವು ವರದೀನ ಎಲ್ಲಿಂದ ಓದೋಕೆ ಶುರುಮಾಡಿದ್ರಿ?"

"ಮೊದಲಿಂದ ಸಾರ್. ಅಧ್ಯಕ್ಷರ ಭಾಷಣದಿಂದ."

"ಅದು ಮದುವೆ ಕರೆಯೋಲೆ ಇದ್ದ ಹಾಗೆ. ಹಿಂದಿನಿಂದ ಓದಿ. ಈಚೆಗೆ ನಗದು ಎಲ್ಲಿಂದ ಬಂತು, ಎಲ್ಲಿಗೆ ಹೋಯ್ತು ಅಂತ ಹೊಸದಾಗಿ ಒಂದು ಪುಟ ಸೇರಿಸ್ತಾರೆ. ಆಮೇಲೆ ಸಣ್ಣಕ್ಷರದ ಟಿಪ್ಪಣಿಗಳಿರ್ತವೆ. ಅವನ್ನ ಎರಡು ಸಲ ಓದಿ." ಅಷ್ಟು ಹೇಳಿ ಬಾಗಿಲ ತನಕ ಬಂದರು. "ಸುಳಿವು ಸಿಕ್ಕಿದ್ದಕ್ಕೆಲ್ಲ ಕಳ್ಳತನ ಅನ್ನಬೇಡಿ. ಪ್ರಶ್ನೆ ಕೇಳಿ. ಉತ್ತರ ಹೇಗೆ ಬರುತ್ತೆ ನೋಡಿ."

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತೇ ಓದಿದೆ. ಆ ಹೊಸ ಪುಟ ನಮ್ಮ ಪಠ್ಯದಲ್ಲಿನ್ನೂ ಬಂದಿರಲಿಲ್ಲ. ಪುಡಿಯ ವ್ಯಾಪಾರದಿಂದ ಕಂಪನಿಗೆ ನಗದು ಬರುವ ಬದಲು ಹೋಗಿತ್ತು! ಸಣ್ಣಕ್ಷರದ ಟಿಪ್ಪಣಿಯಲ್ಲಿ ಇನ್ನೊಂದು ಸಂಸ್ಥೆಯ ಹೆಸರಿತ್ತು. ಅದರಲ್ಲಿ ನಮ್ಮ ಕಂಪನಿಯ ನಿರ್ದೇಶಕರಿಗೇ ಹಿತಾಸಕ್ತಿ. ಅದಕ್ಕೆ ನಮ್ಮ ಕಂಪನಿ ಸಾಲ ಕೊಟ್ಟಿದೆ. ಮುಂದಿನ ಸಾಲಿನಲ್ಲಿ, ಪುಡಿ ಕೊಂಡು ದುಡ್ಡು ಕೊಡದವರ ಪೈಕಿಯೂ ಅದೇ ಹೆಸರು. ತಾನೇ ತನಗೆ ಮಾರಿಕೊಂಡ ಹಾಗೆ! ಹೊಳೆನರಸೀಪುರದ ಎರಡು ಬಸ್ಸುಗಳು ನನ್ನ ಮುಂದೆಯೇ ಹೊರಟುಹೋದವು. ಮೂರನೆಯದನ್ನು ಹತ್ತಿದೆ.

ಇತಿಹಾಸದ ಮೇಷ್ಟ್ರಿಗೆ ಮರುದಿನವೇ ಹೇಳಿದೆ. ಅವರು ನಂಬಲಿಲ್ಲ. "ಮೊನ್ನೆ ಕಣ್ಣು ಮುಚ್ಕೊಳಿ ಅಂದ್ರಿ, ಈಗ ತೆರೀರಿ ಅಂತೀರಿ. ಸಭೇಲಿ ಕೇಳಿ ನೋಡೋಣ," ಎಂದರು. ಆ ಮಾತಿನಲ್ಲಿದ್ದ ನೋವು ನನಗೆ ತಟ್ಟಿತು.

ಸಭೆ ಹಾಸನದ ಒಂದು ಕಲ್ಯಾಣ ಮಂಟಪದಲ್ಲಿ. ಕೇಸರಿಬಾತು, ಖಾರಾಬಾತು, ಕಾಫಿ. ಹೆಚ್ಚಿನವರು ನಮ್ಮಂಥವರೇ: ಮೇಷ್ಟ್ರುಗಳು, ಗುಮಾಸ್ತರು, ಪಿಂಚಣಿಯವರು. "ನಾನೂ ಪಾಲ್ದಾರ್ತಿ ಅಲ್ವಾ, ಬತ್ತೀನಿ," ಎಂದು ಅತ್ತೆ ರೇಷ್ಮೆ ಸೀರೆಯುಟ್ಟು ಬಂದಿದ್ದರು. ಕಂಪನಿಯನ್ನು ನಡೆಸುತ್ತಿದ್ದ ವ್ಯವಸ್ಥಾಪಕ ನಿರ್ದೇಶಕರನ್ನು ಎಲ್ಲರೂ ಎಂ.ಡಿ. ಎನ್ನುತ್ತಿದ್ದರು. ಸಫಾರಿ ಸೂಟು, ಹಸನ್ಮುಖ. ಭಾಷಣ ಮುಗಿಸಿ, "ಪ್ರಶ್ನೆಗಳಿದ್ರೆ ಕೇಳಿ," ಎಂದರು. ಯಾರೂ ಕೇಳುವುದಿಲ್ಲವೆಂಬ ಧೈರ್ಯ ಅವರಿಗೆ.

ನಾನು ಎದ್ದೆ. ಒಳಗೆ ಏನೋ ಒಂದು ಹಿಗ್ಗು ಕುಣಿಯುತ್ತಿತ್ತು.

"ಸಾರ್, ಗೋಡೌನಿನಲ್ಲಿ ಎಂಟು ತಿಂಗಳಲ್ಲಿ ಮಾರುವಷ್ಟು ಪುಡಿ ಇದೆ. ನಮ್ಮ ಪೊಟ್ಟಣದ ಮೇಲೆ ಆರು ತಿಂಗಳೊಳಗೆ ಬಳಸಿ ಅಂತಿದೆ. ಮಿಕ್ಕಿದ್ದನ್ನ ಯಾರು ಕೊಳ್ತಾರೆ?"

"ಒಳ್ಳೇ ಪ್ರಶ್ನೆ ಮೇಡಂ! ಅದೆಲ್ಲ ರಫ್ತಿಗೆ ಇಟ್ಟಿರೋದು. ಮೈಸೂರಿನ ಕೋಲ್ಡ್ ಸ್ಟೋರೇಜಿನಲ್ಲಿ ಭದ್ರವಾಗಿದೆ."

ಜನ ಚಪ್ಪಾಳೆ ತಟ್ಟಿದರು. ನಾನು ಕೂರಬೇಕೆಂದಿದ್ದೆ. ಅಷ್ಟರಲ್ಲಿ ಬೆರಳು ತಾನಾಗಿಯೇ ಖರ್ಚಿನ ಪುಟಕ್ಕೆ ಹೋಯಿತು. ಬಾಡಿಗೆ! ಅಷ್ಟು ಸರಕು ಇಡಲು ಬಾಡಿಗೆ ಬೇಡವೇ? ಅಲ್ಲಿದ್ದದ್ದು ಹಾಸನದ ಆಫೀಸಿಗೆ ಸಾಲುವ ಕೆಲವೇ ಸಾವಿರ.

"ಸಾರ್, ಹಾಸನದ ಆಫೀಸಿನ ಬಾಡಿಗೆ ಬಿಟ್ಟು ಬೇರೆ ಬಾಡಿಗೇನೇ ಬರೆದಿಲ್ಲವಲ್ಲ?"

ಎಂ.ಡಿ. ಕರವಸ್ತ್ರ ತೆಗೆದರು. "ಅದು ನಮ್ಮ ಸೋದರ ಸಂಸ್ಥೆಯದು. ಪುಕ್ಕಟೆ ಕೊಟ್ಟಿದಾರೆ."

"ಕೊನೇ ಪುಟದಲ್ಲಿ ನಾವು ಸಾಲ ಕೊಟ್ಟಿದೀವಿ ಅಂತಿರೋದು ಅದೇ ಸಂಸ್ಥೆಗಾ? ನಮ್ಮ ಪುಡಿ ಕೊಂಡು ದುಡ್ಡು ಕೊಡದೇ ಇರೋದೂ ಅದೇನಾ?"

ಸಭೆಯಲ್ಲಿ ಹಾಳೆ ಮಗುಚುವ ಸದ್ದು ಎದ್ದಿತು. ಎಲ್ಲರೂ ಕೊನೆಯ ಪುಟ ಹುಡುಕುತ್ತಿದ್ದರು. ಅಷ್ಟರಲ್ಲಿ ಪಕ್ಕದಲ್ಲಿ ಅತ್ತೆ ಎದ್ದು ನಿಂತರು.

"ಸಾ, ನಂದೂ ಒಂದ್ ಮಾತು. ನಂದೂ ನೂರ್ ಸೇರೈತೆ. ಪೌಡ್ರು ಅಲ್ಲೇ ಐತೆ ಅಂದ್ರೆ ನಮ್ಮುನ್ನೆಲ್ಲ ಒಂದ್ ಬಸ್ಸಲ್ಲಿ ಕರ್ಕಂಡೋಗಿ ತೋರ್ಸ್ಬುಡಿ. ಚಾರ್ಜು ನಾವೇ ಕೊಡ್ತೀವಿ."

ಕೆಲವರು ನಕ್ಕರು. ಆದರೆ ಹಿಂದಿನ ಸಾಲಿನಿಂದ ಯಾರೋ, "ಹೌದು, ತೋರಿಸಿ," ಎಂದರು. ಇನ್ನೊಬ್ಬರು, "ದಿನ ಹೇಳಿ," ಎಂದರು. ಎಂ.ಡಿ. ಬೆವರು ಒರೆಸಿಕೊಂಡು, ದಿನ ಗೊತ್ತುಮಾಡಿ ಕಾಗದ ಹಾಕುತ್ತೇವೆ ಎಂದು ಮಾತು ಕೊಟ್ಟರು. ಆದರೂ ಕೈ ಎತ್ತಿಸಿದಾಗ ಲೆಕ್ಕಪತ್ರಕ್ಕೆ ಒಪ್ಪಿಗೆ ಸಿಕ್ಕಿತು. ಎತ್ತಿದ ಕೈಗಳೇ ಹೆಚ್ಚು. ಮುಂದಿನ ಸಾಲಿನಲ್ಲಿ ಕೂತಿದ್ದ ಇತಿಹಾಸದ ಮೇಷ್ಟ್ರ ಕೈ ಮಾತ್ರ ತೊಡೆಯ ಮೇಲೆಯೇ ಇತ್ತು.

ಎರಡು ದಿನ ಅವರು ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಸ್ಟಾಫ್ ರೂಮಿಗೆ ಬಂದು ಖಾಲಿ ಅರ್ಜಿಯನ್ನು ಮೇಜಿನ ಮೇಲಿಟ್ಟರು.

"ನಿಮ್ಮ ಅತ್ತೆಯವರು ಕೇಳಿದ ಬಸ್ಸು ಬರಲಿ ಮೇಡಂ. ಪುಡಿ ನೋಡ್ಕೊಂಡು ಬಂದೇ ದುಡ್ಡು ಹಾಕ್ತೀನಿ."

ಬಸ್ಸು ಬರಲಿಲ್ಲ. ಹೊಸ ಷೇರಿನ ಕೊನೆಯ ದಿನ ಕಳೆಯಿತು. ನಮ್ಮ ಕಾಲೇಜಿನಿಂದ ಒಂದು ರೂಪಾಯಿಯೂ ಹೋಗಲಿಲ್ಲ. ಮುಂದಿನ ವರ್ಷ ವರದಿ ಬರಲಿಲ್ಲ. ಅದರ ಬದಲು ಚಿಕ್ಕತ್ತೆಯೇ ಬಂದರು. ಸಾಲ ಕೊಟ್ಟ ಬ್ಯಾಂಕಿನವರು ಮೈಸೂರಿನಲ್ಲಿ ಏನೂ ಸಿಗದೆ, ಫ್ಯಾಕ್ಟರಿಗೇ ಬಂದು ಗೋಡೌನಿನ ಬೀಗ ಒಡೆಸಿದರಂತೆ.

"ಏನಿತ್ತು ಚಿಕ್ಕತ್ತೆ, ಏನಿತ್ತು?" ಎಂದು ಎದ್ದುನಿಂತೆ.

"ಏನಿರ್ತದವ್ವ? ಬಾಗ್ಲಲ್ಲಿ ನಾಕ್ ಸಾಲ್ ಮೂಟೆ. ಅದ್ರ ಇಂದ್ಕೆ ಬರೀ ಖಾಲಿ ಚೀಲ, ಇಲಿ."

ನಾನು ಕೈತಟ್ಟಿಯೇ ಬಿಟ್ಟೆ. ಪರೀಕ್ಷೆಯಲ್ಲಿ ಉತ್ತರ ಸರಿಯಾದ ಹುಡುಗಿಯ ಹಾಗೆ. ಚಿಕ್ಕತ್ತೆ ನನ್ನ ಮುಖವನ್ನೇ ನೋಡಿ, "ನಲವತ್ ಜನ ಎಂಗಸ್ರು ಮನೆಗೋದ್ರು ಕಣವ್ವ. ನಾನೂ ಒಲೆ ಆರ್ಸ್ದೆ," ಎಂದರು. ನನಗೆ ನಾಚಿಕೆಯಾಯಿತು. ಆ ಲೆಕ್ಕದ ಹಿಂದೆ ಕಾಯಿ ಒಡೆಯುವ ಕೈಗಳಿದ್ದವೆಂಬುದನ್ನು ಹಿಗ್ಗಿನಲ್ಲಿ ನಾನು ಮರೆತೇಬಿಟ್ಟಿದ್ದೆ. ಚಿಕ್ಕತ್ತೆ ಆಮೇಲೆ ಚನ್ನರಾಯಪಟ್ಟಣದ ಬಸ್ ನಿಲ್ದಾಣದ ಹತ್ತಿರ ಅಂಗಡಿ ಹಾಕಿ ಚೇತರಿಸಿಕೊಂಡರು. ಎಲ್ಲ ಹೆಂಗಸರಿಗೂ ಹಾಗೆ ದಾರಿ ಸಿಕ್ಕಿತೆಂದು ಹೇಳಲಾರೆ.

ಮೊದಲು ಹಾಕಿದ ದುಡ್ಡು ನನ್ನದೂ ಹೋಯಿತು, ನಾನು ಅರ್ಜಿ ತುಂಬಿಸಿದ ಆರು ಜನರದ್ದೂ ಹೋಯಿತು. ಒಬ್ಬೊಬ್ಬರನ್ನಾಗಿ ಕಂಡು ತಪ್ಪು ನನ್ನದೆಂದು ಒಪ್ಪಿಕೊಂಡೆ. ಇಬ್ಬರು ಇಂದಿಗೂ ಪೂರ್ತಿ ಕ್ಷಮಿಸಿಲ್ಲ. ಇತಿಹಾಸದ ಮೇಷ್ಟ್ರು ಮಾತ್ರ ಆ ವರ್ಷವೇ ಹಾಸನದಲ್ಲಿ ಸೈಟು ಕೊಂಡರು. ಅಷ್ಟೇ ಅಲ್ಲ, "ನನಗೂ ಓದೋದು ಹೇಳಿಕೊಡಿ," ಎಂದು ಹಟ ಹಿಡಿದರು. ಮಧ್ಯಾಹ್ನದ ಬಿಡುವಿನಲ್ಲಿ ನಾವಿಬ್ಬರೂ ಸಿಕ್ಕಸಿಕ್ಕ ಕಂಪನಿಗಳ ವರದಿ ತರಿಸಿಕೊಂಡು ಓದತೊಡಗಿದೆವು. ಅಟೆಂಡರಿಗೂ ಅದರ ರುಚಿ ಹತ್ತಿ, "ಇವತ್ತು ಯಾರ್ದು ಸಾ?" ಎಂದು ಕೇಳುತ್ತಿದ್ದ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಇತಿಹಾಸದ ಮೇಷ್ಟ್ರಿಗೆ ಅರಕಲಗೂಡಿನ ಕಾಲೇಜಿಗೆ ವರ್ಗವಾಯಿತು. ಒಂದು ದಿನ ಅಲ್ಲಿಂದ ಫೋನು ಮಾಡಿ, "ಮೇಡಂ, ಸಿಕ್ಕಿಬಿಟ್ಟ! ಒಂದು ಮೆಣಸಿನ ವ್ಯಾಪಾರದ ಕಂಪನಿ. ಆಡಿಟರು ಬದಲು, ಗೋಡೌನಿನಲ್ಲಿ ಸರಕು ರಾಶಿ!" ಎಂದು ಕೂಗಿದರು. ಮರುದಿನವೇ ಓಡಿದೆ. ಇಡೀ ಮಧ್ಯಾಹ್ನ ಇಬ್ಬರೂ ತಡಕಾಡಿದೆವು. ಟಿಪ್ಪಣಿ ಓದಿದರೆ, ಹಳೆಯ ಆಡಿಟರು ತೀರಿಕೊಂಡಿದ್ದರು. ಸರಕು ಹೆಚ್ಚಿದ್ದದ್ದು ಆ ವರ್ಷ ಬೆಳೆ ಹೆಚ್ಚಿದ್ದರಿಂದ. ಮೆಣಸು ಎರಡು ವರ್ಷ ಇಟ್ಟರೂ ಕೆಡುವುದಿಲ್ಲ. ಬಾಡಿಗೆ ಬರೆದಿದೆ, ಚೀಲದ ಖರ್ಚು ಏರಿದೆ, ನಗದು ಬಂದಿದೆ. ಎಲ್ಲ ಚೊಕ್ಕ.

ಇಬ್ಬರ ಮುಖವೂ ಇಳಿದುಹೋಯಿತು. ಪ್ರಾಮಾಣಿಕರನ್ನು ಕಂಡು ಬೇಸರಪಟ್ಟಿದ್ದಕ್ಕೆ ಮೊದಲು ನಕ್ಕವರು ಮೇಷ್ಟ್ರೇ. ನಕ್ಕು ಮುಗಿದ ಮೇಲೆ, "ಇಷ್ಟು ಹುಡುಕಿದರೂ ಏನೂ ಸಿಗಲಿಲ್ಲ ಅಂದ್ರೆ ಇದಕ್ಕಿಂತ ಒಳ್ಳೇ ಕಂಪನಿ ಯಾವುದು ಮೇಡಂ?" ಎಂದರು. ತಲಾ ಐವತ್ತು ಷೇರು ಕೊಂಡೆವು.